ಯಾರದೋ ತಲೆ, ನನ್ನ ದಂಡ

ಗಾಡಿ ನಂಬರಿನ ಸರಣಿಯಲ್ಲಿ ಐ, ಓ ಎಂಬ ಎರಡು ಇಂಗ್ಲಿಷ್ ಅಕ್ಷರಗಳಿಗೆ ಜಾಗವಿಲ್ಲ. ಒಂದು, ಸೊನ್ನೆಗಳ ಜೊತೆ ಗುರುತು ತಪ್ಪೀತೆಂದು ಯಾರೋ ಪುಣ್ಯಾತ್ಮರು ಮೊದಲೇ ಯೋಚಿಸಿ ಅವನ್ನು ಹೊರಗಿಟ್ಟಿದ್ದಾರೆ. ಆದರೆ ಮೂರು, ಎಂಟುಗಳನ್ನು ಏನು ಮಾಡೋಣ? ಮೂರರ ಎಡಕ್ಕೆ ಒಂದಿಷ್ಟು ಕೆಸರು ಮೆತ್ತಿದರೆ ಸಾಕು, ಎಂಟಾಗಿ ಕೂರುತ್ತದೆ. ಅದರ ಮೇಲೆ ನಮ್ಮ ಹುಡುಗರ ಕಲೆಗಾರಿಕೆ ಬೇರೆ. 8055 ಸಿಕ್ಕವನು ಅದನ್ನು ‘ಬಾಸ್’ ಎಂದು ಓದಿಸದೆ ಬಿಡುವುದಿಲ್ಲ.

ಅಂಥ ಒಂದು ಕೆಸರು ಮೆತ್ತಿದ ಮೂರಿನ ದೆಸೆಯಿಂದ, ಹೆಲ್ಮೆಟ್ ಹಾಕಿಲ್ಲವೆಂದು 500 ರೂಪಾಯಿ ದಂಡದ ಮೆಸೇಜು ನನಗೆ ಬಂತು. (ಕೇಂದ್ರದ ಕಾಯ್ದೆಯಲ್ಲಿ ಇದು ಸಾವಿರ. 2019ರಲ್ಲಿ ಜನ ಬೊಬ್ಬೆ ಹೊಡೆದ ಮೇಲೆ ನಮ್ಮ ರಾಜ್ಯ ಅರ್ಧಕ್ಕಿಳಿಸಿತು.) ಚಲನ್ ಹೆಸರಿನಲ್ಲೇ ಖಾತೆ ಗುಡಿಸುವ ಕಳ್ಳರಿರುವುದರಿಂದ ಲಿಂಕ್ ಒತ್ತದೆ ಪೊಲೀಸರ ಆ್ಯಪಿನಲ್ಲೇ ನೋಡಿದೆ. ದಂಡ ನಿಜ, ಫೋಟೊನೂ ನಿಜ. ಗಾಡಿ ಮಾತ್ರ ನನ್ನದಲ್ಲ. ನನ್ನದು ಬೂದು ಬಣ್ಣದ ಸ್ಕೂಟರು, ಅಲ್ಲಿದ್ದದ್ದು ಕಪ್ಪು ಬೈಕು. ಟ್ಯಾಂಕಿನ ಮೇಲೆ ಕೊತ್ತಂಬರಿ ಸೊಪ್ಪಿನ ಮೂಟೆ, ಅದನ್ನು ಗದ್ದದಿಂದ ಒತ್ತಿ ಹಿಡಿದ ಮನುಷ್ಯ, ಕಿವಿ ಮೇಲೊಂದು ಬೀಡಿ. ಹೆಲ್ಮೆಟ್ ಇತ್ತು, ಕನ್ನಡಿಗೆ ನೇತುಹಾಕಿದ್ದ. ‘ಮಾಡಿದ್ದುಣ್ಣೋ ಮಹಾರಾಯ’ ಎನ್ನುವ ಗಾದೆಯನ್ನು ನಾವಿಬ್ಬರೂ ಹಂಚಿಕೊಂಡಂತಾಗಿತ್ತು: ಮಾಡಿದ್ದು ಅವನು, ಉಣ್ಣಬೇಕಾದ ಮಹಾರಾಯ ನಾನು.

ಇಷ್ಟೇ ಆಗಿದ್ದರೆ ಸಿಟ್ಟು ಬಂದು ಹೋಗುತ್ತಿತ್ತು. ಆದರೆ ಆಗ ರಿಯಾಯಿತಿ ನಡೆಯುತ್ತಿತ್ತು. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ಮಾಫಿ ಕೊಟ್ಟಾಗ ಜನ ಸಾಲುಗಟ್ಟಿ ಕಟ್ಟಿದ್ದರು. ಆಮೇಲೂ ಅದು ಆಷಾಢದ ಸೀರೆ ಸೇಲಿನ ಹಾಗೆ ಆಗಾಗ ಬರುತ್ತಿದೆ. ತಪ್ಪು ಮಾಡಿದವನಿಗೆ ಇದು ಲಾಭ, ಸರಿ. ಮಾಡದವನಿಗೆ? ಮಾಡದ ತಪ್ಪಿಗೆ 250 ಸೋವಿಯೋ ದುಬಾರಿಯೋ, ಯಾವ ಲೆಕ್ಕದ ಮೇಷ್ಟ್ರೂ ಹೇಳಿಕೊಟ್ಟಿಲ್ಲ. ಕಟ್ಟುವುದಕ್ಕೆ ಅರ್ಧ ನಿಮಿಷ ಸಾಕು, ಅಲ್ಲ ಅನ್ನುವುದಕ್ಕೆ ಅರ್ಧ ದಿನ ರಜೆ ಹಾಕಬೇಕು. ನಿರಪರಾಧಿಗಳೂ ತೆಪ್ಪಗೆ ಕಟ್ಟಿಬಿಡುವುದು ಇದಕ್ಕೇ ಇರಬೇಕು.

ಠಾಣೆಯ ಸಾಲಿನಲ್ಲಿ ನನ್ನ ಹಿಂದಿದ್ದವರು ಅದನ್ನೇ ಹೇಳಿದರು. “ಬಂದು ಹೋಗೋ ಪೆಟ್ರೋಲ್ ಲೆಕ್ಕ ಹಾಕಿ ಸರ್. ಕಟ್ಟಿ ಬಿಸಾಕಿ.”

ಅವರ ಕೈಯಲ್ಲಿ ಹನ್ನೊಂದು ಚಲನ್ನುಗಳಿದ್ದವು, ಅಷ್ಟೂ ಅವರವೇ. ಅವರ ಮುಖದಲ್ಲಿದ್ದ ನೆಮ್ಮದಿ ನನಗಿರಲಿಲ್ಲ. ನಿಜ ಹೇಳುವವನ ಗಂಟಲು ಪೊಲೀಸ್ ಠಾಣೆಯಲ್ಲಿ ಯಾಕೆ ಒಣಗುತ್ತದೋ! ಆರ್‌ಸಿ ಜೆರಾಕ್ಸು, ಸ್ಕೂಟರಿನ ಮುಂದಿನ ಫೋಟೊ, ಹಿಂದಿನ ಫೋಟೊ, ಕೇಳದಿದ್ದರೂ ಆಧಾರ್, ಎಲ್ಲವನ್ನೂ ಹೆಣ್ಣು ನೋಡಲು ಬಂದವನ ಮುಜುಗರದಲ್ಲಿ ಮೇಜಿನ ಮೇಲಿಟ್ಟೆ.

ಕಾನ್‌ಸ್ಟೆಬಲ್ ಫೋಟೊವನ್ನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಮೊದಲು ಸೊಪ್ಪು ಬಂತು, ಆಮೇಲೆ ಬೀಡಿ, ಕೊನೆಗೆ ಪ್ಲೇಟು. “ಹೌದು, ಮೂರು” ಎಂದು ಅರ್ಜಿ ತೆಗೆದುಕೊಂಡರು. “ಕ್ಯಾನ್ಸಲ್‌ಗೆ ಕಳಿಸ್ತೀನಿ ಸರ್, ನೀವು ಹೊರಡಿ.”

ನನಗೋ ಹೊರಡಲು ಮನಸ್ಸಿಲ್ಲ. “ಹಾಗಾದ್ರೆ ಇದು ಅವರಿಗೆ ಹೋಗುತ್ತಾ ಸರ್?”

“ಹೋಗದೆ? ಈ ವಾರದಲ್ಲೇ ಹೋದ್ರೆ ಅವರಿಗೂ ಅರ್ಧಕ್ಕೇ ಮುಗಿಯುತ್ತೆ” ಎಂದವರು, ಹನ್ನೊಂದು ಚಲನ್ನಿನ ಯಜಮಾನರನ್ನು ಕೈ ಬೀಸಿ ಮುಂದಕ್ಕೆ ಕರೆದರು.