ಮೋಟರ್ ಕೂರಿಸುವ ಮೊದಲು ಮೂತಿಯ ಹಲಗೆ ನೋಡಿ

ಇಂಧನದಿಂದ ಓಡುವ ಪುಟ್ಟ ಗ್ಲೋ ಎಂಜಿನ್ ತೆಗೆದು ಮಾದರಿ ವಿಮಾನಕ್ಕೆ ಬ್ಯಾಟರಿಯಿಂದ ತಿರುಗುವ ಬ್ರಷ್‌ಲೆಸ್ ಮೋಟರ್ ಜೋಡಿಸುವ ಬಗೆಯನ್ನು, ಆ ಕುರಿತು ನಾನು ಓದಿದ ಲೇಖನದಲ್ಲಿ ಲೇಖಕರು ಸೊಗಸಾಗಿ ವಿವರಿಸಿದ್ದಾರೆ. ಮೋಟರಿನ ಆಯ್ಕೆಗೇ ಹೆಚ್ಚು ಜಾಗ ಹೋಗಿರುವುದರಿಂದ ಬಿಟ್ಟುಹೋದ ಸಂಗತಿಗಳನ್ನು ಸೇರಿಸಲು ಬಯಸುತ್ತೇನೆ.

ಮಂಡ್ಯದ ಹೊರಗೆ, ಭತ್ತ ಕೊಯ್ದ ಬಯಲಿನಲ್ಲಿ ನಾನು ಹಾರಿಸುತ್ತಿದ್ದ 2.4 ಕಿಲೋ ತೂಕದ ಟ್ರೈನರ್ (ಕಲಿಯುವವರ ಮಾದರಿ ವಿಮಾನ), ಎಂಜಿನ್ ನಿಂತುಹೋಗಿ ಎರಡು ಸಲ ಪಕ್ಕದ ಕಬ್ಬಿನೊಳಗೆ ಬಿದ್ದ ಮೇಲೆ ಅದನ್ನು ವಿದ್ಯುತ್ತಿಗೆ ಬದಲಿಸಿದೆ. ಕಿಲೋಗೆ 220 ವ್ಯಾಟ್ ಎಂಬ ರೂಢಿಯ ಲೆಕ್ಕದಲ್ಲಿ ಸುಮಾರು 530 ವ್ಯಾಟ್ ಬೇಕು. ನಾಲ್ಕು ಸೆಲ್‌ಗಳ 14.8 ವೋಲ್ಟ್ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಯಲ್ಲಿ ಅದು 36 ಆಂಪಿಯರ್ ಆಗುವುದರಿಂದ 60 ಆಂಪಿಯರಿನ ಇಎಸ್‌ಸಿ, ಅಂದರೆ ಮೋಟರಿನ ವೇಗ ನಿಯಂತ್ರಿಸುವ ಸಾಧನ, ಹಾಕಿದೆ.

ನಿಜವಾದ ತೊಡಕು ಎದುರಾದದ್ದು ಎಂಜಿನ್ ಕೂರಿಸಿದ್ದ, ಮೂತಿಯ ಪ್ಲೈವುಡ್ ಹಲಗೆಯಲ್ಲಿ. ಗ್ಲೋ ಇಂಧನದಲ್ಲಿರುವ ಹರಳೆಣ್ಣೆ ವರ್ಷಗಟ್ಟಲೆ ಇಳಿದು, ಉಗುರಿನಿಂದ ಒತ್ತಿದರೆ ಜಿನುಗುವಷ್ಟು ಸೇರಿಕೊಂಡಿತ್ತು. ಅಂಥ ಮರವನ್ನು ಎಪಾಕ್ಸಿ ಅಂಟು ಹಿಡಿಯುವುದಿಲ್ಲ. ಸ್ಪಿರಿಟ್ಟಿನಿಂದ ಒರೆಸಿ, ಬಿಸಿಗಾಳಿ ಕೊಟ್ಟರೂ ನಂಬಿಕೆ ಬರದೆ ಹಲಗೆಯನ್ನೇ ಬದಲಾಯಿಸಿದೆ. ಹಾಗೆ ಮಾಡಿದ್ದು ಸರಿಯೆಂದು ಇಂದಿಗೂ ಅನ್ನಿಸುತ್ತದೆ.

ಎಂಜಿನ್ ಮತ್ತು ಸೈಲೆನ್ಸರಿಗಿಂತ ಮೋಟರ್ ಹಗುರವಾದ್ದರಿಂದ ಬ್ಯಾಟರಿಯನ್ನು ಟ್ಯಾಂಕ್ ಇದ್ದ ಜಾಗದವರೆಗೂ ಮುಂದಕ್ಕೆ ತಳ್ಳಿ, ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು, ನಕ್ಷೆಯಲ್ಲಿ ಗುರುತಿಸಿದ ಬಿಂದುವಿನಲ್ಲೇ ಸಮತೋಲ ನೋಡಬೇಕು. ಇಂಧನದಂತೆ ಬ್ಯಾಟರಿಯ ತೂಕ ಹಾರಾಟದಲ್ಲಿ ಕಡಿಮೆಯಾಗದಿರುವುದರಿಂದ ಒಮ್ಮೆ ಸರಿಪಡಿಸಿದ ಸಮತೋಲ ವಿಮಾನ ನೆಲಕ್ಕಿಳಿಯುವವರೆಗೂ ಹಾಗೆಯೇ ಉಳಿಯುತ್ತದೆ. ಮೋಟರ್ ಹಿಮ್ಮುಖವಾಗಿ ತಿರುಗಿದರೆ ಅದನ್ನು ಇಎಸ್‌ಸಿಗೆ ಜೋಡಿಸುವ ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ಸಾಕು, ಆದರೆ ಆ ಪರೀಕ್ಷೆಯನ್ನು ಪ್ರೊಪೆಲ್ಲರ್ ಬಿಚ್ಚಿಟ್ಟೇ ಮಾಡಬೇಕೆಂದು ಹೊಸಬರಲ್ಲಿ ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.