ಮ್ಯಾಗಜಿನ್ ತೆಗೆದರೆ ಪಿಸ್ತೂಲು ಖಾಲಿಯಾಗುತ್ತಾ?

"ಮನೆಯ ರಕ್ಷಣೆಗೆ ಇಟ್ಟ ಪಿಸ್ತೂಲಿನ ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ತೆಗೆದಿಟ್ಟರೆ ಸಾಕು, ಗುಂಡು ಹಾರುವುದಿಲ್ಲ" ಅನ್ನುವ ಸಂದೇಶ ಓಡಾಡುತ್ತಿದೆ. ಇದು ತಪ್ಪು, ಅಪಾಯಕಾರಿ ಕೂಡ.

ಮ್ಯಾಗಜಿನ್ ಹೊರಬಂದರೂ ಚೇಂಬರಿನಲ್ಲಿ, ಅಂದರೆ ನಳಿಕೆಯ ಹಿಂತುದಿಯಲ್ಲಿ, ಒಂದು ಗುಂಡು ಉಳಿದಿರಬಹುದು. ಟ್ರಿಗರ್ ಒತ್ತಿದರೆ ಅದು ಹಾರುತ್ತದೆ. ಮ್ಯಾಗಜಿನ್ ಇಲ್ಲದಾಗ ಹಾರದಂತೆ ತಡೆಯುವ ವ್ಯವಸ್ಥೆ ಬ್ರೌನಿಂಗ್ ಹೈ-ಪವರ್‌ನಂಥ ಕೆಲವು ಮಾದರಿಗಳಲ್ಲಿದೆ. ಬಹಳಷ್ಟರಲ್ಲಿ ಇಲ್ಲ.

ಖಾಲಿ ಮಾಡುವ ಕ್ರಮವೂ ಮುಖ್ಯ. ಬೆರಳು ಟ್ರಿಗರ್‌ನಿಂದ ದೂರ ಇರಲಿ, ನಳಿಕೆ ಯಾರ ಕಡೆಗೂ ತಿರುಗದಿರಲಿ. ಮೊದಲು ಮ್ಯಾಗಜಿನ್ ತೆಗೆದು, ಆಮೇಲೆ ಸ್ಲೈಡ್ (ಪಿಸ್ತೂಲಿನ ಮೇಲಿನ ಜಾರುವ ಭಾಗ) ಎಳೆದು ಚೇಂಬರ್ ನೋಡಬೇಕು. ಈ ಕ್ರಮ ಉಲ್ಟಾ ಮಾಡಿದರೆ ಮ್ಯಾಗಜಿನ್‌ನಿಂದ ಇನ್ನೊಂದು ಗುಂಡು ಚೇಂಬರಿಗೆ ಏರಿಬಿಡುತ್ತದೆ!

ಖಾಲಿ ಅಂತ ಖಚಿತವಾದರೂ ಸುಮ್ನೆ ಕಪಾಟಿನ ಮೇಲಿಡಬೇಡಿ. ಬಚ್ಚಿಟ್ಟ ಜಾಗ ಮಕ್ಕಳಿಗೆ ಬೇಗ ಗೊತ್ತಾಗುತ್ತದೆ, ಅಲ್ವಾ? ಪಿಸ್ತೂಲಿಗೆ ಬೀಗ ಹಾಕಿ. ಗುಂಡುಗಳನ್ನು ಬೇರೆ ಕಡೆ ಇಟ್ಟು ಅಲ್ಲೂ ಬೀಗ ಹಾಕಿ.