ಚಪ್ಪಾಳೆ ಬೇಕು, ಜವಾಬ್ದಾರಿ ಬೇಡ

ಶನಿವಾರ ಒಂದು ಓಪನ್ ಸೋರ್ಸ್ (ಅಂದರೆ ಕೋಡನ್ನು ಎಲ್ಲರಿಗೂ ಬಿಟ್ಟುಕೊಡುವ ಸಾಫ್ಟ್‌ವೇರ್) ಮೀಟಪ್‌ಗೆ ಹೋಗಿದ್ದೆ. ಕಾಫಿ ಚೆನ್ನಾಗಿತ್ತು, ಎಸಿ ಚೆನ್ನಾಗಿತ್ತು. ಅಲ್ಲಿ ಕೇಳಿದ ಒಂದು ಮಾತು ಮಾತ್ರ ಇನ್ನೂ ತಲೆಯಿಂದ ಇಳಿದಿಲ್ಲ. ಹಾಗಾಗಿ ಇದು ಉದ್ದದ ಪೋಸ್ಟ್. ಪುರುಸೊತ್ತಿದ್ದವರು ಓದಿ.

ಮಾತಾಡಲು ಬಂದಿದ್ದವರು ಪರದೆ ಮೇಲೆ ಒಂದು ವಿಡಿಯೋ ಹಾಕಿದರು. ನೀವೂ ನೋಡಿರುತ್ತೀರಿ. 2025ರ ಜೂನ್ 1ರಂದು ಉಕ್ರೇನ್ ರಷ್ಯಾದ ವಾಯುನೆಲೆಗಳ ಮೇಲೆ ಮಾಡಿದ 'ಜೇಡರ ಬಲೆ' ದಾಳಿ. ಲಾರಿ ಮೇಲೆ ಮರದ ಕ್ಯಾಬಿನ್‌ಗಳು. ಅದರ ಛಾವಣಿ ತೆರೆದುಕೊಳ್ಳುತ್ತೆ, ಒಳಗಿಂದ ಒಂದೊಂದೇ ಡ್ರೋನ್ ಎದ್ದು ಹೋಗುತ್ತೆ. ಒಟ್ಟು 117 ಡ್ರೋನ್ ಅಂತ ಝೆಲೆನ್‌ಸ್ಕಿಯವರೇ ಹೇಳಿದ್ದರು. ದಾಳಿಯಾದ ನೆಲೆಗಳಲ್ಲಿ ಒಂದು ಸೈಬೀರಿಯಾದ ಬೆಲಾಯಾ, ಉಕ್ರೇನ್‌ನಿಂದ 4,000 ಕಿ.ಮೀ.ಗೂ ಜಾಸ್ತಿ ದೂರ. ವಿಡಿಯೋ ನಿಲ್ಲಿಸಿ ಭಾಷಣಕಾರರು ಹೇಳಿದರು, ಈ ಡ್ರೋನ್‌ಗಳಲ್ಲಿ ಓಡಿದ್ದು ಆರ್ಡುಪೈಲಟ್, ಡ್ರೋನ್ ಹಾರಿಸುವ, ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಓಪನ್ ಸೋರ್ಸ್ ಸಾಫ್ಟ್‌ವೇರ್, ಇದು ನಮ್ಮ ತಾಕತ್ತು ಅಂತ. ಹಾಲ್ ತುಂಬಾ ಚಪ್ಪಾಳೆ.

ಆಮೇಲೆ ಪ್ರಶ್ನೋತ್ತರ. ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತು, "ಸರ್, ಇದೇ ಕೋಡ್ ನಾಳೆ ಒಂದು ಆಸ್ಪತ್ರೆ ಮೇಲೆ ಹೋಗಿ ಬಿದ್ದರೆ?" ಅಂತ ಕೇಳಿದಳು. ಅವರು ನಕ್ಕು, "ನೋಡಮ್ಮಾ, ನಾವು ಕೋಡ್ ಬರೀತೀವಿ ಅಷ್ಟೇ. ಹೇಗೆ ಬಳಸ್ತಾರೆ ಅನ್ನೋದು ಅವರ ಜವಾಬ್ದಾರಿ. ಲೈಸೆನ್ಸ್‌ನಲ್ಲೇ ಬರೆದಿದೆಯಲ್ಲ" ಅಂದರು. ಅದಕ್ಕೂ ಚಪ್ಪಾಳೆ. ಮುಂದಿನ ಪ್ರಶ್ನೆ.

ಸ್ವಾಮಿ, ಈಗಷ್ಟೇ ನಮ್ಮ ತಾಕತ್ತು ಅಂದಿರಿ. ಹತ್ತು ನಿಮಿಷದಲ್ಲಿ ಅವರ ಜವಾಬ್ದಾರಿ ಆಗಿಹೋಯಿತಾ? ವಿಮಾನ ಉರಿದರೆ ನಾವು ಮಾಡಿದ್ದು, ಆಸ್ಪತ್ರೆ ಉರಿದರೆ ಬಳಸಿದವನು ಮಾಡಿದ್ದು. ನನ್ನ ತಕರಾರು ಇಷ್ಟೇ. ಮುಂದೆ ಬರೆಯೋದೆಲ್ಲ ಇದರ ಸುತ್ತಲೇ ಸುತ್ತುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಒಂದು ಮಾತು. ನಾನು ಕೊಡಗಿನವನು ಅಂತ ನಿಮಗೆ ಗೊತ್ತೇ ಇದೆ. ಆಯುಧ ಅಂದ ಕೂಡಲೇ ಬೆಚ್ಚಿಬೀಳುವ ಮನೆ ನಮ್ಮದಲ್ಲ. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ನಮ್ಮಲ್ಲಿ ಕೋವಿಗೆ ತೋಕ್ ಪೂ (ಕೋವಿ ಹೂ) ಇಟ್ಟು ಪೂಜೆ ಮಾಡಿ, ಆಮೇಲೆ ಕಡಂಬುಟ್ಟು, ಪಂದಿಕರಿ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇರುವುದು ಬ್ರಿಟಿಷರ ಕಾಲದಿಂದ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು. ಅದರ ವಿರುದ್ಧ ಕೋರ್ಟಿಗೆ ಹೋದರು, 2021ರಲ್ಲಿ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು. ಹೊರಗಿನವರು ಇದನ್ನು ಕೇಳಿ ನಮ್ಮಲ್ಲಿ ಹೇಳೋರು ಕೇಳೋರು ಯಾರೂ ಇಲ್ಲ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ವಿನಾಯಿತಿ ಪತ್ರ ಅಂತ ಒಂದಿದೆ. ನಮ್ಮ ಮನೆಯಲ್ಲಿ ಅದು ಪಹಣಿ ಕಾಗದಗಳ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ, ಗಾಡ್ರೇಜ್ ಬೀರುವಿನ ಒಳಗಡೆ ಇದೆ. ಕೋವಿಯ ನಂಬರ್ ಅಪ್ಪನಿಗೆ ಬಾಯಿಪಾಠ, ನನ್ನ ಫೋನ್ ನಂಬರ್ ಇವತ್ತಿಗೂ ಬರಲ್ಲ! ಆ ಕೋವಿಯಿಂದ ನಾಳೆ ಏನಾದರೂ ಆದರೆ ಮೊದಲು ಕೇಳುವ ಪ್ರಶ್ನೆ "ಯಾರ ಮನೆ ಕೋವಿ?" ಅಂತ. ಆ ಪ್ರಶ್ನೆಗೆ ಉತ್ತರ ಕೊಡುವವನು ಒಬ್ಬ ಇರುತ್ತಾನೆ.

ಸಾಫ್ಟ್‌ವೇರ್‌ನಲ್ಲಿ ಆ ಪ್ರಶ್ನೆ ಕೇಳಿದರೆ ಜಿಪಿಎಲ್ ಅನ್ನೋ ಓಪನ್ ಸೋರ್ಸ್ ಲೈಸೆನ್ಸ್‌ನ 15 ಮತ್ತು 16ನೇ ಕಲಂ ತೋರಿಸುತ್ತಾರೆ. ವಾರಂಟಿ ಇಲ್ಲ, ನಷ್ಟಕ್ಕೆ ನಾವು ಹೊಣೆಯಲ್ಲ ಅಂತ ದೊಡ್ಡ ಅಕ್ಷರದಲ್ಲಿ ಬರೆದಿದೆ, ನಿಜ. ಅದು ಯಾಕೆ ಇದೆ ಅಂದರೆ, ಪುಕ್ಕಟೆ ಕೊಟ್ಟ ಪ್ರೋಗ್ರಾಂ ಕೆಟ್ಟು ನಿಮ್ಮ ಲೆಕ್ಕಪತ್ರ ಹಾಳಾದರೆ ಬರೆದವನ ಮೇಲೆ ಕೇಸು ಹಾಕಬಾರದು ಅಂತ. ಅದು ದುಡ್ಡಿನ ಮಾತು, ಕೋರ್ಟಿನ ಮಾತು. ಆತ್ಮಸಾಕ್ಷಿಗೂ ಅದೇ ಕಲಂ ಅನ್ವಯ ಅಂತ ಯಾವ ವಕೀಲ ಹೇಳಿದ?

ಕಾನೂನಿನ ಕಥೆ ಇನ್ನೂ ತಮಾಷೆ. 2013ರ ಮೇ ತಿಂಗಳಲ್ಲಿ ಅಮೆರಿಕದ ಕೋಡಿ ವಿಲ್ಸನ್ 'ಲಿಬರೇಟರ್' ಅನ್ನೋ ಪ್ಲಾಸ್ಟಿಕ್ ಪಿಸ್ತೂಲಿನ ಫೈಲ್‌ಗಳನ್ನು ಇಂಟರ್ನೆಟ್‌ಗೆ ಹಾಕಿದ. ತ್ರೀಡಿ ಪ್ರಿಂಟರ್‌ನಲ್ಲಿ ಅಚ್ಚು ಹಾಕುವಂಥದ್ದು. ಕೆಲವೇ ದಿನಗಳಲ್ಲಿ ಅಲ್ಲಿನ ವಿದೇಶಾಂಗ ಇಲಾಖೆಯಿಂದ ಪತ್ರ ಬಂತು, ಇದು ಆಯುಧ ರಫ್ತು, ತೆಗೆದುಹಾಕು ಅಂತ. ಅಷ್ಟರಲ್ಲಿ ಫೈಲ್ 1 ಲಕ್ಷಕ್ಕೂ ಜಾಸ್ತಿ ಸಲ ಡೌನ್‌ಲೋಡ್ ಆಗಿತ್ತು. ವಿಲ್ಸನ್ 2015ರಲ್ಲಿ ಕೋರ್ಟಿಗೆ ಹೋದ: ಫೈಲ್ ಅಂದರೆ ಮಾತು, ಮಾತಿಗೆ ತಡೆ ಹಾಕೋ ಹಾಗಿಲ್ಲ ಅಂತ. 2018ರಲ್ಲಿ ಸರ್ಕಾರವೇ ಫೈಲ್ ಹಾಕಿಕೋ ಅಂತ ರಾಜಿಗೆ ಬಂತು. ರಾಜ್ಯಗಳು ತಿರುಗಿಬಿದ್ದು, ಜುಲೈ 31ರಂದು ಸಿಯಾಟಲ್‌ನ ನ್ಯಾಯಾಧೀಶ ರಾಬರ್ಟ್ ಲಾಸ್ನಿಕ್ ತಡೆ ಕೊಟ್ಟರು. ಆಮೇಲೆ ಕೋವಿ ಫೈಲ್‌ಗಳ ಹತೋಟಿ ವಿದೇಶಾಂಗ ಇಲಾಖೆಯಿಂದ ವಾಣಿಜ್ಯ ಇಲಾಖೆಗೆ ಹೋಯಿತು. ಈಗಲೂ ಆ ಜಗಳ ಪೂರ್ತಿ ಮುಗಿದಿಲ್ಲ.

ಆ ವಿಲ್ಸನ್ ನನಗೆ ಒಂಚೂರೂ ಇಷ್ಟದ ಮನುಷ್ಯ ಅಲ್ಲ. ಆದರೆ ಒಂದು ಒಪ್ಪಬೇಕು. ನನಗೆ ಎಲ್ಲರ ಕೈಯಲ್ಲೂ ಕೋವಿ ಇರಬೇಕು, ಅದಕ್ಕೇ ಮಾಡಿದೆ ಅಂತ ನೇರವಾಗಿ ಹೇಳಿದ. ಅಂಥವನ ಜೊತೆ ಜಗಳ ಆಡಬಹುದು. "ನಾನು ಬರೀ ಫೈಲ್ ಹಾಕಿದೆ" ಅನ್ನೋನ ಜೊತೆ ಜಗಳ ಹೇಗೆ ಆಡೋದು?

ನಮ್ಮ ದೇಶದ ಕಥೆಗೆ ಬನ್ನಿ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಕೋವಿ ತಯಾರಿಸಿದರೆ ಅಪರಾಧ. ಕುಲುಮೆಯಲ್ಲಿ ಮಾಡಿದರೂ ಅಷ್ಟೇ, ಪ್ರಿಂಟರ್‌ನಲ್ಲಿ ಮಾಡಿದರೂ ಅಷ್ಟೇ. ಬಿಡಿಭಾಗ, ತಯಾರಿಸುವ ಯಂತ್ರ ಎಲ್ಲವೂ ಅದರ ವ್ಯಾಖ್ಯೆಯಲ್ಲಿದೆ. ಆದರೆ ಅದು ವಸ್ತುಗಳ ಕಾಲದ ಕಾನೂನು, ಫೈಲ್‌ಗಳ ಕಾಲದ್ದಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 2015ರಲ್ಲೇ ಕೋವಿಯ ಡಿಜಿಟಲ್ ನಕ್ಷೆ ಇಟ್ಟುಕೊಳ್ಳುವುದನ್ನೇ ಅಪರಾಧ ಮಾಡಿದರು, 14 ವರ್ಷದವರೆಗೆ ಜೈಲು. ಅದು ಸರಿಯಾ? ನನಗೆ ಆ ಕಾನೂನೂ ಭಯವೇ. ಹಾರ್ಡ್ ಡಿಸ್ಕ್‌ನಲ್ಲಿ ಏನಿದೆ ಅಂತ ನೋಡಲು ಪೊಲೀಸರು ಬರುವ ಊರು ನನಗೂ ಬೇಡ.

ರಫ್ತಿನ ಕಾನೂನು ನೋಡಿದರೆ ನಗು ಬರುತ್ತೆ. ನಮ್ಮಲ್ಲಿ ಸ್ಕೋಮೆಟ್ ಪಟ್ಟಿ ಅಂತಿದೆ, ಮಿಲಿಟರಿಗೂ ನಾಗರಿಕ ಬಳಕೆಗೂ ಒದಗುವ ವಸ್ತು, ಸಾಫ್ಟ್‌ವೇರ್, ತಂತ್ರಜ್ಞಾನ ಎಲ್ಲ ಅದರಲ್ಲಿ ಬರುತ್ತೆ. 2017ರ ಡಿಸೆಂಬರ್‌ನಲ್ಲಿ ಭಾರತ ವಾಸೆನಾರ್ ಒಪ್ಪಂದದ ಕೂಟಕ್ಕೂ, ಅಂದರೆ ಇಂಥ ರಫ್ತಿಗೆ ಹತೋಟಿ ಹಾಕುವ ದೇಶಗಳ ಗುಂಪಿಗೂ, ಸೇರಿತು. ಪಟ್ಟಿಯಲ್ಲಿರುವ ತಂತ್ರಜ್ಞಾನವನ್ನು ಗುಟ್ಟಾಗಿ ಒಬ್ಬ ವಿದೇಶಿಗೆ ಇಮೇಲ್ ಮಾಡಿದರೆ ಅದು ರಫ್ತು, ಪರವಾನಗಿ ಬೇಕು. ಅದೇ ಎಲ್ಲರಿಗೂ ಸಿಗುವ ಹಾಗೆ ಮೊದಲೇ ಬಹಿರಂಗ ಆಗಿದ್ದರೆ, ಸಾಮಾನ್ಯವಾಗಿ ಈ ಹತೋಟಿಯಿಂದ ಹೊರಗೆ. ಒಬ್ಬನಿಗೆ ಕೊಟ್ಟರೆ ಅಪರಾಧ, ಜಗತ್ತಿಗೇ ಕೊಟ್ಟರೆ ಜ್ಞಾನ! ಈ ವಿನಾಯಿತಿ ಇಟ್ಟಿದ್ದು ವಿಜ್ಞಾನಿಗಳು ಪ್ರಬಂಧ ಪ್ರಕಟಿಸೋಕೆ ತೊಂದರೆ ಆಗಬಾರದು ಅಂತ. ಒಳ್ಳೆಯ ಕಾರಣವೇ. ಅಮೆರಿಕದವರಿಗೆ 2020ರ ಹೊತ್ತಿಗೆ ಇದರ ಬಿಸಿ ತಟ್ಟಿ, ಇಂಟರ್ನೆಟ್‌ಗೆ ಹಾಕುವ ಕೋವಿ ಫೈಲ್‌ಗಳಿಗೆ ಮಾತ್ರ ಅಂತ ಬೇರೆ ನಿಯಮ ಮಾಡಿಕೊಂಡರು.

ಈಗ ಕಾಮೆಂಟಿಗೆ ಬರುವವರು ಯಾರು ಅಂತ ನನಗೆ ಗೊತ್ತು. ಮೊದಲನೆಯವರು ಎನ್‌ಕ್ರಿಪ್ಷನ್, ಅಂದರೆ ಸಂದೇಶವನ್ನು ಬೇರೆಯವರು ಓದದ ಹಾಗೆ ಮಾಡುವ ಗುಪ್ತಲಿಪಿಯ ಕಥೆ ತರುತ್ತಾರೆ. ಹೌದು, 90ರ ದಶಕದಲ್ಲೂ ಅಮೆರಿಕ ಗುಪ್ತಲಿಪಿಯನ್ನು ಯುದ್ಧಸಾಮಗ್ರಿ ಪಟ್ಟಿಯಲ್ಲೇ ಇಟ್ಟಿತ್ತು. ಪಿಜಿಪಿ ಅನ್ನೋ ಗುಪ್ತಲಿಪಿ ಸಾಫ್ಟ್‌ವೇರ್ ಬರೆದ ಫಿಲ್ ಝಿಮರ್‌ಮನ್ ಮೇಲೆ ತನಿಖೆ ನಡೆಯಿತು. ಅವರ ಕೋಡನ್ನು 1995ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿದರು, ಯಾಕಂದ್ರೆ ಪುಸ್ತಕ ಹೊರಗೆ ಕಳಿಸೋಕೆ ತಡೆ ಇರಲಿಲ್ಲ. ನಂತರ ಗುಪ್ತಲಿಪಿಯದೇ ಇನ್ನೊಂದು ಕೇಸು, ಬರ್ನ್‌ಸ್ಟೀನ್ ಕೇಸಿನಲ್ಲಿ ಕೋಡ್ ಕೂಡ ಮಾತೇ ಅಂತ ಕೋರ್ಟ್ ಹೇಳಿತು. ಅವತ್ತು ಸರ್ಕಾರ ಗೆದ್ದಿದ್ದರೆ ಇವತ್ತು ನಮ್ಮ ಬ್ಯಾಂಕ್ ಆ್ಯಪ್ ಯಾವ ಗತಿಯಲ್ಲಿ ಇರುತ್ತಿತ್ತೋ. ಎಲ್ಲಾ ಸರಿ. ಆದರೆ ಗುಪ್ತಲಿಪಿ ಯಾರ ತಲೆಯನ್ನೂ ಒಡೆಯಲ್ಲ. ಒಂದು ನ್ಯಾಯವಾದ ಕೇಸು ಗೆದ್ದಿದ್ದೀವಿ ಅಂತ ಎಲ್ಲಾ ಕೇಸಿಗೂ ಅದೇ ತೀರ್ಪು ಹಿಡಿದು ಓಡಾಡಬೇಕಾ?

ಎರಡನೆಯವರು ಚಾಕು ತರುತ್ತಾರೆ. ಚಾಕು ಮಾಡಿದವನನ್ನು ಜೈಲಿಗೆ ಹಾಕ್ತೀರಾ ಅಂತ. ಇಲ್ಲಪ್ಪ. ಆದರೆ ಚಾಕು ಕೊಂಡವನು ವಾಪಸ್ ಬಂದು, ಕುತ್ತಿಗೆ ಹತ್ತಿರ ಸರಿಯಾಗಿ ಕೂರ್ತಾ ಇಲ್ಲ, ಹಿಡಿ ಸ್ವಲ್ಪ ಸರಿಮಾಡಿಕೊಡಿ ಅಂದರೆ ಕಮ್ಮಾರ ಏನು ಮಾಡಬೇಕು? ಓಪನ್ ಸೋರ್ಸ್ ಅಂದರೆ ಹಾಗೇ ಅಲ್ವಾ. ಕೊಟ್ಟು ಬಾಗಿಲು ಹಾಕಿಕೊಳ್ಳಲ್ಲ ನಾವು. ಬಗ್ ರಿಪೋರ್ಟ್ ಬರುತ್ತೆ, ಹೊಸ ಸೌಲಭ್ಯ ಕೇಳುತ್ತಾರೆ, ನಾವೇ ಕೂತು ಸರಿಮಾಡಿಕೊಡುತ್ತೀವಿ.

ಇದು ಊಹೆ ಅಲ್ಲ. ಡ್ರೋನ್‌ಗಳ ಲಾಗ್ (ಹಾರಾಟದ ದಾಖಲೆ) ಓದುವ ನನ್ನ ಪುಟ್ಟ ಕೋಡ್ ಲೈಬ್ರರಿ ಗೊತ್ತಲ್ಲ, ಬಳಸುವವರು ಕೈಬೆರಳಲ್ಲಿ ಎಣಿಸುವಷ್ಟು. ಅದಕ್ಕೆ ಈಚೆಗೆ ಒಂದು ವಿನಂತಿ ಬಂತು. ಸರ್ವೋ (ಹೊತ್ತ ಸಾಮಾನನ್ನು ಬಿಡುವ ಪುಟ್ಟ ಮೋಟಾರ್) ಬಿಡುಗಡೆಯಾದ ಕ್ಷಣ, ಆಗಿನ ಎತ್ತರ, ವೇಗ, ಮೂರೂ ಒಂದೇ ಸಾಲಿನಲ್ಲಿ ಬರಬೇಕು, ಸಮಯ ಮಿಲಿಸೆಕೆಂಡಿನವರೆಗೆ ಬೇಕು ಅಂತ. ಪ್ರೊಫೈಲ್ ಖಾಲಿ. ಔಷಧಿ ಪೊಟ್ಟಣ ಇಳಿಸೋಕೂ ಇದೇ ಬೇಕು. ಇನ್ನೊಂದನ್ನು ಇಳಿಸೋಕೂ ಇದೇ ಬೇಕು. "ಏನನ್ನು ಬೀಳಿಸ್ತಾ ಇದ್ದೀರಿ?" ಅಂತ ಕೇಳಿದೆ. ಉತ್ತರ ಇಲ್ಲ. ಕೋಡ್ ಬರೆಯೋಕೆ ಒಂದು ಸಂಜೆ ಸಾಕು. ಬರೆದಿಲ್ಲ. ಇದನ್ನು ಮೀಟಪ್‌ನಲ್ಲಿ ಹೇಳಿದರೆ ನನ್ನ ಕಡೆ ಹುಚ್ಚನನ್ನು ನೋಡಿದ ಹಾಗೆ ನೋಡುತ್ತಾರೆ.

ಹಾಗಾದರೆ ಲೈಸೆನ್ಸ್‌ನಲ್ಲೇ 'ಆಯುಧಕ್ಕೆ ಬಳಸಬೇಡಿ' ಅಂತ ಸೇರಿಸೋಣವಾ? ಅದನ್ನೂ ಮಾಡಿ ನೋಡಿದ್ದಾರೆ. ಡಗ್ಲಸ್ ಕ್ರಾಕ್‌ಫರ್ಡ್ ಅನ್ನೋ ಪ್ರೋಗ್ರಾಮರ್ ತಮ್ಮ ಸಾಫ್ಟ್‌ವೇರ್‌ನ ಜೇಸನ್ (JSON) ಲೈಸೆನ್ಸ್‌ನಲ್ಲಿ ಇದನ್ನು ಒಳ್ಳೆಯದಕ್ಕೆ ಬಳಸಬೇಕು, ಕೆಟ್ಟದ್ದಕ್ಕಲ್ಲ ಅಂತ ಒಂದು ಸಾಲು ಸೇರಿಸಿದರು. ಐಬಿಎಂ ವಕೀಲರು ಬಂದು ವಿನಾಯಿತಿ ಕೇಳಿದರಂತೆ! ನಮ್ಮ ಗಿರಾಕಿಗಳು ಏನು ಮಾಡುತ್ತಾರೋ ನಮಗೆ ಗೊತ್ತಾಗಲ್ಲ ಅಂತ. ಕ್ರಾಕ್‌ಫರ್ಡ್ ಬರೆದುಕೊಟ್ಟರು: ಐಬಿಎಂ ಮತ್ತು ಅದರ ಚೇಲಾಗಳು ಕೆಟ್ಟದ್ದಕ್ಕೆ ಬಳಸಬಹುದು. 2019ರಲ್ಲಿ ಹಿಪೊಕ್ರಾಟಿಕ್ ಲೈಸೆನ್ಸ್ ಅಂತ ಬಂತು, ಮಾನವ ಹಕ್ಕು ತುಳಿಯೋಕೆ ಬಳಸಬಾರದು ಅಂತ ಅದರ ಷರತ್ತು. ಓಪನ್ ಸೋರ್ಸ್ ವ್ಯಾಖ್ಯೆಯ ಆರನೇ ನಿಯಮದ ಪ್ರಕಾರ ಯಾವ ಕ್ಷೇತ್ರಕ್ಕೂ ಬಳಸಬೇಡ ಅನ್ನೋ ಹಾಗಿಲ್ಲ, ಹಾಗಾಗಿ ಅದು ಓಪನ್ ಸೋರ್ಸೇ ಅಲ್ಲ ಅಂದರು. ಅಲ್ಲಿಗೆ ಮುಗಿಯಿತು. ಮುಗಿಯದೇ ಇದ್ದರೂ ಯಾವ ದೇಶದ ಸೈನ್ಯ ಲೈಸೆನ್ಸ್ ಓದಿ, ಅಯ್ಯೋ ಬೇಡ ಬಿಡಿ ಅಂತ ಡ್ರೋನ್ ಕೆಳಗಿಡುತ್ತೆ?

ಅದಕ್ಕೇ ನಾನು ಲೈಸೆನ್ಸ್ ಬದಲಾಯಿಸಿ ಅಂತ ಹೇಳುತ್ತಿಲ್ಲ. ನನಗೆ ಬೇಕಿರುವುದು ಲೈಸೆನ್ಸ್ ಹಿಂದೆ ಅಡಗಿಕೊಳ್ಳದ ಮನುಷ್ಯರು. ಅಂಥವರು ಇದ್ದಾರೆ. ಆರ್ಡುಪೈಲಟ್ ಅಭಿವೃದ್ಧಿ ಮಾಡುವವರೇ ತಮ್ಮ ನೀತಿಸಂಹಿತೆಯಲ್ಲಿ ಬರೆದುಕೊಂಡಿದ್ದಾರೆ, ಗೊತ್ತಿದ್ದೂ ಗೊತ್ತಿದ್ದೂ ಇದನ್ನು ಆಯುಧ ಮಾಡಲು ನೆರವಾಗುವುದಿಲ್ಲ ಅಂತ. ಕೋಡ್ ಎಲ್ಲರಿಗೂ ಮುಕ್ತ, ನಮ್ಮ ಕೈ ಮಾತ್ರ ಎಲ್ಲರಿಗೂ ಸಿಗಲ್ಲ. ಎಷ್ಟು ಸರಳ. ಶನಿವಾರ ಆ ಸ್ಲೈಡ್‌ನಲ್ಲಿ ಈ ಸಾಲು ಇರಲಿಲ್ಲ ಅಂತ ಬೇರೆ ಹೇಳಬೇಕಾ?

ಯೋಲೋ ಗೊತ್ತಲ್ಲ, ಚಿತ್ರದಲ್ಲಿ ಕಾರು ಎಲ್ಲಿದೆ, ಮನುಷ್ಯ ಎಲ್ಲಿದ್ದಾನೆ ಅಂತ ಕ್ಷಣದಲ್ಲಿ ಗುರುತಿಸೋದು. ಅದನ್ನು ಕಟ್ಟಿದ ಜೋಸೆಫ್ ರೆಡ್ಮನ್ 2020ರ ಫೆಬ್ರವರಿಯಲ್ಲಿ ಆ ಸಂಶೋಧನೆಯನ್ನೇ ನಿಲ್ಲಿಸಿದೆ ಅಂದರು. ಕೆಲಸ ಇಷ್ಟವಿತ್ತು, ಮಿಲಿಟರಿ ಬಳಕೆ ಮತ್ತು ಖಾಸಗಿತನದ ಚಿಂತೆಯನ್ನು ಕಡೆಗಣಿಸೋಕೆ ಆಗಲಿಲ್ಲ ಅಂತ. ಏನು ಪ್ರಯೋಜನ ಆಯ್ತು, ಬೇರೆಯವರು ಮುಂದುವರಿಸಿದರಲ್ಲ ಅಂತೀರಿ. ಮುಂದುವರಿಸಿದರು. ಅದೇ ವರ್ಷ ನಾಲ್ಕನೇ ಆವೃತ್ತಿ ಬಂತು. ಆದರೆ ಆ ಮನುಷ್ಯ ವೇದಿಕೆ ಮೇಲೆ ನಿಂತು ಎರಡೂ ಕಡೆ ಚಪ್ಪಾಳೆ ತಗೊಳ್ಳಲಿಲ್ಲ.

ಒಂದು ನಿಜ ಹೇಳಿಬಿಡುತ್ತೇನೆ. ಆ ಜೇಡರ ಬಲೆ ವಿಡಿಯೋ ಮೊದಲ ಸಲ ನೋಡಿದಾಗ ನನಗೆ ಖುಷಿಯಾಗಿತ್ತು. ದೊಡ್ಡವನಿಗೆ ಚಿಕ್ಕವನು ಹೊಡೆದ ಖುಷಿ. ಈಗಲೂ ಆ ಖುಷಿ ಪೂರ್ತಿ ಹೋಗಿಲ್ಲ. ಮ್ಯಾನ್ಮಾರ್‌ನಲ್ಲಿ 2021ರ ಮಿಲಿಟರಿ ದಂಗೆಯ ನಂತರ ಹುಡುಗರು ಕಾಡಿನಲ್ಲಿ ಕೂತು ಎಫ್‌ಜಿಸಿ-9 ಅನ್ನೋ ಕೋವಿಯನ್ನು ಪ್ರಿಂಟ್ ಮಾಡಿಕೊಂಡು ಸೈನ್ಯದ ವಿರುದ್ಧ ನಿಂತರು ಅಂತ ಓದಿದಾಗಲೂ ಹಾಗೇ ಆಯಿತು. ಅದೇ ಕೋವಿ, ಅದೇ ಫೈಲ್, ಯುರೋಪಿನಲ್ಲಿ ಜನಾಂಗ ದ್ವೇಷಿ ಗುಂಪುಗಳ ಹತ್ತಿರವೂ ಸಿಕ್ಕಿದೆ. ಮ್ಯಾನ್ಮಾರ್ ಹುಡುಗರನ್ನು ತೋರಿಸಿ ಎದೆ ತಟ್ಟಿಕೊಳ್ಳುವವನು ಇದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಖುಷಿ ಪಡಿ, ಬೇಡ ಅಂದವರು ಯಾರು. ಖುಷಿ ನಿಮ್ಮದಾದರೆ ಲೆಕ್ಕವೂ ನಿಮ್ಮದೇ.

ಬೆಂಗಳೂರಿನಲ್ಲಿ ಡ್ರೋನ್ ಕಂಪನಿಗಳಲ್ಲಿ ಇರುವ ಗೆಳೆಯರು ನನ್ನ ಫ್ರೆಂಡ್ಸ್ ಲಿಸ್ಟ್‌ನಲ್ಲಿ ಕಮ್ಮಿ ಇಲ್ಲ. ನಿಮಗೆ ಕೋಪ ಬರುತ್ತೆ ಅಂತ ಗೊತ್ತು. ದೇಶಕ್ಕಾಗಿ ಆಯುಧ ಮಾಡುತ್ತೀವಿ ಅಂತ ಹೇಳಿಕೊಂಡು ಮಾಡುವವರ ಬಗ್ಗೆ ನನಗೆ ತಕರಾರಿಲ್ಲ, ನಮ್ಮ ಮನೆಗಳಲ್ಲೂ ಸೈನ್ಯಕ್ಕೆ ಹೋದವರೇ ಜಾಸ್ತಿ. ಗದ್ದೆಗೆ ಔಷಧಿ ಹೊಡೆಯೋ ಡ್ರೋನ್ ಅಂತ ವಾಲಂಟಿಯರ್‌ಗಳ ಹತ್ತಿರ ಸಹಾಯ ಕೇಳಿ, ಅದೇ ಕೋಡನ್ನು ಬೇರೆ ಕಡೆ ಮಾರುವವರ ಬಗ್ಗೆ ಇದೆ. ಯಾತಕ್ಕೆ ಅಂತ ಹೇಳಿ ಕೇಳಿ. ಇಷ್ಟ ಇದ್ದವರು ಕೊಡುತ್ತಾರೆ, ಇಲ್ಲದವರು ಇಲ್ಲ.

ಕಾಮೆಂಟಿನಲ್ಲಿ ಬೈಯುವವರು ಬೈಯಬಹುದು. ಚಾಕು ಉದಾಹರಣೆ ಮಾತ್ರ ಮತ್ತೆ ತರಬೇಡಿ, ಮೇಲೆ ಉತ್ತರ ಇದೆ. ಆ ಪ್ರಶ್ನೆ ಕೇಳಿದ ಹುಡುಗಿ ಯಾರಿಗಾದರೂ ಪರಿಚಯ ಇದ್ದರೆ ನನಗೊಂದು ಮೆಸೇಜ್ ಹಾಕಿ. ನನ್ನ ಲೈಬ್ರರಿಗೆ ಇನ್ನೊಬ್ಬರು ಮೇಂಟೇನರ್ (ಕೋಡ್ ನೋಡಿಕೊಳ್ಳುವವರು) ಬೇಕು.